ನಡೆದುಬರುತ್ತಿದ್ದ ಚೀಲ

ಹೆಂಡತಿ ಪುಟ್ಟಮಲ್ಲಮ್ಮ ಲಿಂಗೈಕ್ಯಳಾಗಿ ಎಂಟು ತಿಂಗಳಾದ ಮೇಲೆ ಬಸವಯ್ಯನವರು ಮೊದಲ ಸಲ ಊರು ಬಿಟ್ಟು ಬಸ್ಸು ಹತ್ತಿದರು. ಹತ್ತಿದ್ದು ಯಾವ ಕ್ಷೇತ್ರಕ್ಕೂ ಅಲ್ಲ, ನೆಂಟರ ಮನೆಗೂ ಅಲ್ಲ. ಮೊಮ್ಮಗಳು ರಂಜಿತಳಿಗೆ ಗುದ್ದುವುದಕ್ಕೊಂದು ಚೀಲ ಆರಿಸಲು.

ರಂಜಿತ ಸತ್ಯಮಂಗಲದ ಕಾಲೇಜಿನಲ್ಲಿ ಮೂರು ವರ್ಷ ಓದುವಾಗ ಬಾಕ್ಸಿಂಗ್ ಕಲಿತಿದ್ದಳು. ಓದು ಮುಗಿಸಿ ಘಟ್ಟದ ಮೇಲಿನ ತಮ್ಮೂರು ಪಣಕಹಳ್ಳಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಸಗಣಿ ಹಬ್ಬ ಕಳೆದ ಮೂರನೆಯ ವಾರ ಈರೋಡಿನಲ್ಲಿ ಜಿಲ್ಲೆಯ ತಂಡಕ್ಕೆ ಆಯ್ಕೆ ಇತ್ತು. ಅಲ್ಲಿಯತನಕ ದಿನವೂ ಬೆಳಗ್ಗೆ ಒಂದು ಗಂಟೆ ಚೀಲ ಗುದ್ದಲೇಬೇಕೆಂದು ಅವಳ ಕೋಚ್ ಮೇಡಂ ಫೋನಿನಲ್ಲಿ ಹೇಳಿದ್ದರು. ಹೊಟ್ಟು ತುಂಬಿದ ಗೋಣಿಯನ್ನು ಹಿತ್ತಲ ಹುಣಿಸೆಯ ಕೊಂಬೆಗೆ ಕಟ್ಟಿಕೊಂಡು ಹೇಗೋ ನಡೆಸಿದ್ದಳು. ಮುಸುಕಿನ ಜೋಳ ಹಾಲುಗಟ್ಟಿದ ಮೇಲೆ ಆನೆಗಳು ನಸುಕಿನಲ್ಲಿ ಹಿತ್ತಲವರೆಗೂ ಬರತೊಡಗಿದವು. ಹೆಣ್ಣುಮಗಳು ಒಬ್ಬಳೇ ಹೊರಗೆ ನಿಲ್ಲುವಂತಿರಲಿಲ್ಲ. ಒಳಗೆ ತೂಗುಹಾಕೋಣವೆಂದರೆ ತೊಲೆ ಬಸವಯ್ಯನವರ ಅಜ್ಜನ ಕಾಲದ್ದು. ಮೊದಲ ಗುದ್ದಿಗೆ ಸೂರಿನ ಮಸಿ ಉದುರಿತು, ಎರಡನೆಯದಕ್ಕೆ ಹೆಂಚೇ ಜಾರಿತು. ಆದ್ದರಿಂದ ತೂಗುವ ಚೀಲವಲ್ಲ, ನೆಲದ ಮೇಲೆ ತಾನೇ ನಿಲ್ಲುವ ಚೀಲವೇ ಬೇಕೆಂದಾಯಿತು.

ನಿಲ್ಲಿಸುವುದಕ್ಕೆ ಜಾಗವಿದ್ದದ್ದು ನಡುಮನೆಯೊಂದರಲ್ಲೇ. ಅಲ್ಲಿಯೇ ಬೆಳಗಿನ ಹೊತ್ತು ಬಸವಯ್ಯನವರ ಲಿಂಗಪೂಜೆ. ಮಗ ರಾಜಶೇಖರ್ ಬಂದು, “ನೀವೇ ವೋಗಿ ನೋಡಿ ಆರಿಸ್ಕ ಬನ್ನಿ ಅಪ್ಪ. ಪೂಜೆ ನಿಮ್ದು, ಗುದ್ದಾಟ ಅವಳ್ದು. ಇಬ್ರಿಗೂ ಒಪ್ಪೋದಾಗ್ಲಿ” ಎಂದ. ಹೇಗಾದರೂ ತಂದೆಯನ್ನು ಹೊಸಿಲು ದಾಟಿಸಬೇಕೆಂಬುದೇ ಅವನ ಉಪಾಯವಾಗಿತ್ತು.

ಹೊಸಿಲು ದಾಟಿದರೆ ಹೊಲ, ಹೊಲದಲ್ಲಿ ಮಣ್ಣು. ಬಸವಯ್ಯನವರು ಮಣ್ಣು ಮುಟ್ಟಿ ಎಂಟು ತಿಂಗಳಾಗಿತ್ತು. ಅವರ ಮನೆತನದಲ್ಲಿ ತೀರಿಕೊಂಡವರನ್ನು ಹೊಲದ ಮೂಲೆಯ ಗುಣಿಯಲ್ಲಿ ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿಯನ್ನೂ ಬಿಲ್ವಪತ್ರೆಯನ್ನೂ ಸುತ್ತ ತುಂಬಿ, ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಹೆಂಡತಿ ಮುಂದಾಗಿ ಹೋದರೆ ಮೊದಲ ಮೂರು ಹಿಡಿ ಗಂಡನದು. ಅಂದು ಬಸವಯ್ಯನವರು ಬಗ್ಗಿ ಮಣ್ಣು ತೆಗೆದುಕೊಂಡರು. ಗುಣಿಯಲ್ಲಿ ಕೂತವಳ ಕಡೆ ನೋಡಿದರು. ಹುರುಳಿ ಆರಿಸುತ್ತಾ ಹಾಗೇ ತೂಕಡಿಸಿದವಳಂತಿದ್ದಳು. ಇವಳ ಮೈಮೇಲೆ ಮಣ್ಣು ಹಾಕುವುದು ಹೇಗೆ? ಕೈ ಮುಂದಕ್ಕೆ ಹೋಗಲಿಲ್ಲ. ಕ್ರಿಯೆ ನಡೆಸುತ್ತಿದ್ದ ಸ್ವಾಮಿಗಳು ಎರಡು ಸಲ ಹೇಳಿದರು, ಆಗಲೂ ಹೋಗಲಿಲ್ಲ. ಕೊನೆಗೆ ಮಗನೇ ಅವರ ಪಾಲಿನದನ್ನೂ ಹಾಕಿದ. ಹುಟ್ಟಿದಂದಿನಿಂದ ಮಣ್ಣಿನಲ್ಲೇ ಬಾಳಿದ ಮನುಷ್ಯ ಅಂದಿನಿಂದ ಹೊಲದ ಬದು ತುಳಿಯಲಿಲ್ಲ. ಮಾತೂ ಕಡಿಮೆಯಾಯಿತು.

ದಿಂಬಂ ಘಟ್ಟದಲ್ಲಿ ಮಂಜು ಕಿಟಕಿಯೊಳಗೇ ಬಂದಿತ್ತು. ಬಸ್ಸು ತಿರುವಿನಿಂದ ತಿರುವಿಗೆ ಇಳಿಯುವಾಗ ಮುಂದಿನ ದಾರಿ ಕಾಣದು, ಹಿಂದಿನದೂ ಕಾಣದು. ಒಂದು ತಿರುವಿನಲ್ಲಿ ಮಂಜು ಹರಿದು ಕೆಳಗಿನ ಬಯಲು ನೀರಿನೊಳಗಿನ ಊರಿನಂತೆ ಕಂಡು ಮತ್ತೆ ಮುಚ್ಚಿಕೊಂಡಿತು. ಪುಟ್ಟಮಲ್ಲಮ್ಮನಿಗೆ ಈ ತಿರುವುಗಳೆಂದರೆ ಹೊಟ್ಟೆ ತೊಳಸು. ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಾ ಕೂರುತ್ತಿದ್ದಳು. ಬಸವಯ್ಯನವರಿಗೆ ಪಕ್ಕದಲ್ಲಿ ನಿಂಬೆಯ ವಾಸನೆ ಬಂದಂತಾಯಿತು. ತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ರಂಜಿತ ಇರುತ್ತಾಳೆಂದು ಅವರಿಗೆ ಗೊತ್ತಿತ್ತು.

ಸತ್ಯಮಂಗಲದ ಆಟದ ಸಾಮಾನಿನ ಅಂಗಡಿಯಾತ ನಟರಾಜ ತಮಿಳರವನು. ಘಟ್ಟದ ಮೇಲಿನ ತಾಳವಾಡಿ ಸೀಮೆಯ ಗಿರಾಕಿಗಳಿಂದ ಅರ್ಧ ಕನ್ನಡ ಕಲಿತಿದ್ದ. ಮೂರು ಬಗೆಯ ಚೀಲಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದ. ಒಂದು, ಸಣ್ಣ ಕೋಲಿನ ತುದಿಗೆ ಚೆಂಡು ಸಿಕ್ಕಿಸಿದ್ದು. ರಂಜಿತ ಅದಕ್ಕೊಂದು ಏಟು ಕೊಟ್ಟಳು. ಚೆಂಡು ಗಡಿಬಿಡಿಯಿಂದ ತಲೆ ಆಡಿಸಿತು. ಕಣ್ಣು ಚುರುಕಾಗಲು ಇದು ಸರಿ, ತೋಳಿಗೆ ಬಲ ಬರಲು ಸಾಲದು ಎಂದಳು. ಎರಡನೆಯದು ಮನುಷ್ಯನಂತೆಯೇ ತಲೆ, ಹೆಗಲು, ಎದೆ ಇದ್ದ ರಬ್ಬರಿನ ಬೊಂಬೆ. ಅದನ್ನು ಕಂಡು ಬಸವಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು.

“ಇದ್ ಬ್ಯಾಡ ಕೂಸೆ. ಲಿಂಗ ಇರೋ ಎದೆ ಮ್ಯಾಲೆ ದಿನಾ ಬೆಳಿಗ್ಗೆ ಎದ್ದು ಒಡೀತಿಯಾ?”

“ಇದ್ಕಿನ್ನೂ ದೀಕ್ಷೆ ಆಗಿಲ್ಲ ಕಣ್ ತಾತ” ಎಂದಳು ರಂಜಿತ. ಬಸವಯ್ಯನವರ ತುಟಿಯ ಕೊನೆ ಒಂದಿಷ್ಟು ಅಲುಗಿತು. ಅದನ್ನು ಕಂಡೇ ಅವಳು ಬೊಂಬೆಯ ಆಸೆ ಬಿಟ್ಟಳು.

ಮೂರನೆಯದು ದುಂಡನೆಯ ಕಪ್ಪು ಚೀಲ, ಆಳೆತ್ತರ, ಕೆಳಗೆ ಅಗಲವಾದ ಪ್ಲಾಸ್ಟಿಕ್ ಡ್ರಮ್ಮು. ರಂಜಿತ ಅದರ ಪಕ್ಕ ನಿಂತು ಎತ್ತರ ನೋಡಿದಳು. ತಲೆಗಿಂತ ಒಂದು ಗೇಣು ಮೇಲಿತ್ತು. ತನಗಿಂತ ಎತ್ತರದವಳು ಎದುರಾದರೂ ಅಭ್ಯಾಸವಿರಬೇಕಲ್ಲ. ಡ್ರಮ್ಮಿನ ಅಂಚು ಕಾಲ್ಬೆರಳಿಗೆ ತಾಗುವುದೇ ಎಂದು ಮುಂದೆ ಹಿಂದೆ ಹೆಜ್ಜೆ ಹಾಕಿದಳು. ಅಂಗೈಯಿಂದ ಒತ್ತಿ ಬಿಟ್ಟಾಗ ಚೀಲ ಬಾಗಿ, ತಡೆದು, ನಿಧಾನವಾಗಿ ಎದ್ದು ನಿಂತಿತು. ದೊಡ್ಡವರಿಗೆ ಶರಣು ಮಾಡಿ ಏಳುವವರ ರೀತಿ ಅದು ಎದ್ದದ್ದು ಬಸವಯ್ಯನವರಿಗೆ ಹಿಡಿಸಿತು. ಇದೇ ಇರಲಿ ಎಂದರು. ಎಂಟು ತಿಂಗಳಲ್ಲಿ ಅವರು ತಾವಾಗಿ ಬೇಕೆಂದ ಮೊದಲ ವಸ್ತು ಅದು.

ಡ್ರಮ್ಮು ಖಾಲಿಯಿದೆ, ಮನೆಗೆ ಹೋಗಿ ತುಂಬಿಕೊಳ್ಳಬೇಕು ಎಂದು ನಟರಾಜ ಅದರ ಬಾಯಿಯ ಬಿರಡೆ ತಿರುಗಿಸಿ ತೋರಿಸಿದ.

“ತಣ್ಣೀನೂ ತುಂಬಬೋದು ಅಯ್ಯಾ, ಮಣಲೂ ತುಂಬಬೋದು. ನೀರು ಸುಲಭ. ಆದ್ರೆ ಮರಳೋ ಒಣ ಮಣ್ಣೋ ಆಕಿದ್ರೆ ಅಲುಗಲ್ಲ, ನಿಂತ ಜಾಗದಲ್ಲೇ ನಿಲ್ತದೆ.”

“ನೀರು” ಎಂದರು ಬಸವಯ್ಯನವರು, ಅವನ ಮಾತು ಮುಗಿಯುವ ಮೊದಲೇ.

ಕೋಚ್ ಮೇಡಂ ಹೇಳಿದ್ದೂ ಮರಳನ್ನೇ. ರಂಜಿತ ತಾತನ ಮುಖ ನೋಡಿದಳು. ಅವರು ತಮ್ಮ ಎರಡೂ ಕೈಗಳನ್ನು ಹೆಗಲ ವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದರು. ಕೈಗಳಲ್ಲಿ ಏನೂ ಇರಲಿಲ್ಲ. “ಸರಿ ತಾತ, ನೀರೇ ಆಕ್ಸವ” ಎಂದಳು.

ಮನೆಯಲ್ಲಿ ನೀರು ತುಂಬಿದವರು ಬಸವಯ್ಯನವರೇ. ಕೊಳವೆಯಲ್ಲಿ ಬಿಡಬಹುದಾಗಿತ್ತು, ಅವರು ಹಿತ್ತಾಳೆ ಚೊಂಬಿನಲ್ಲಿ, ಅಭಿಷೇಕಕ್ಕೆರೆವಂತೆ ಸಣ್ಣ ಧಾರೆಯಲ್ಲಿ ತುಂಬಿಸಿದರು. ಮಾರನೆಯ ದಿನ ಕಾಗೆ ಕೂಗುವ ಹೊತ್ತಿಗೆ ಮೂಲೆಯಲ್ಲಿ ಮಣೆ ಹಾಕಿ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಎದುರಿನ ಗೋಡೆಗೆ ಬೆನ್ನು ಮಾಡಿ ನಿಂತು ರಂಜಿತ ಗುದ್ದತೊಡಗಿದಳು. ಅದರಿಂದ ಪೂಜೆ ಕೆಡುತ್ತದೆಂದು ಅವರು ಅಂಜಿದ್ದರು, ಕೆಡಲಿಲ್ಲ. ಎರಡು ಗುದ್ದು, ಬಿಡುವು, ಒಂದು ಗುದ್ದು. ಡ್ರಮ್ಮಿನೊಳಗೆ ನೀರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತುಳುಕುವ ಸದ್ದು. ಕಣ್ಣು ಅರೆ ತೆರೆದು ನೋಡಿದಾಗ ಚೀಲ ಮೊದಲಿದ್ದ ಜಾಗದಲ್ಲಿರಲಿಲ್ಲ.

ಕೆಂಪು ಗಾರೆಯ ನೆಲ ತಲೆಮಾರುಗಳ ಪಾದ ತಾಗಿ ನುಣುಪಾಗಿತ್ತು. ಒಂದೊಂದು ಏಟಿಗೂ ಚೀಲ ಬಾಗಿ ಏಳುತ್ತ, ಎದ್ದಾಗಲೆಲ್ಲ ಒಂದು ಬೆರಳಷ್ಟು ಜರುಗುತ್ತ, ಸೀರೆಯ ನೆರಿಗೆ ಕಾಲಿಗೆ ತೊಡರಿದವರ ಹಾಗೆ ಅವರ ಕಡೆಗೇ ನಡೆದುಬರುತ್ತಿತ್ತು. ಕಿಂಡಿಯ ಬೆಳಕು, ಧೂಪದ ಹೊಗೆ. ಹೊಗೆಯ ಆಚೆ ಅದು ಚೀಲವೆಂದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತಿರಲು ಅವರಿಗೆ ಅಡ್ಡಿಯೇನೂ ಕಾಣಲಿಲ್ಲ. ನಲವತ್ತೊಂಬತ್ತು ವರ್ಷ ಪುಟ್ಟಮಲ್ಲಮ್ಮ ಪೂಜೆಯ ಕೊನೆಗೆ ಅಡುಗೆಮನೆಯಿಂದ ಹಾಲಿನ ಬಟ್ಟಲು ಹಿಡಿದು ಹೀಗೆಯೇ, ಚೆಲ್ಲಬಾರದೆಂದು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುತ್ತಿದ್ದಳು.

ಮೂರನೆಯ ದಿನ ಬಸವಯ್ಯನವರು ಎಲ್ಲರಿಗಿಂತ ಮುಂಚೆ ಎದ್ದು ಚೀಲವನ್ನು ಗೋಡೆಯ ಬಳಿಯಿಂದ ಸರಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದರು. ಆಮೇಲೆ ಅದು ದಿನವೂ ಅಲ್ಲಿಂದಲೇ ಹೊರಟಿತು. ಹೊರಟು ಒಂದು ಗಂಟೆಯಲ್ಲಿ ಮಣೆಯಿಂದ ಮೊಳ ದೂರಕ್ಕೆ ಬಂದು ನಿಲ್ಲುತ್ತಿತ್ತು. ಅವರ ಮುಖದಲ್ಲಿ ಗೆಲುವು ಬಂತು. ಊಟಕ್ಕೆ ಕೂತಾಗ ಸೊಸೆ ಶಿವರಂಜನಿಯನ್ನು ಸಾರಿಗೆ ಏನು ಹಾಕಿದೆಯವ್ವಾ ಎಂದು ಕೇಳಿದರು. ಆನೆ ಕಾಯಲು ಹೊಲದಲ್ಲಿ ಕಟ್ಟಿದ ಅಟ್ಟಣೆಯ ಕಾವಲು ಮುಗಿಸಿ ಬಂದ ಮಗನನ್ನು ಎಷ್ಟು ಆನೆ ಬಂದಿದ್ದವೆಂದು ವಿಚಾರಿಸಿದರು. ಮನೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಹೀಗೆ ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ರಂಜಿತ ತಾತನಿಗೆ ಮಜ್ಜಿಗೆಯ ಲೋಟ ಎಡಗೈಯಲ್ಲಿ ಕೊಟ್ಟಳು. ಬಸವಯ್ಯನವರಿಗೆ ಸಿಟ್ಟು ಬಂತು. ಹಿರಿಯರಿಗೆ ಎಡಗೈಯಲ್ಲಿ ಕೊಡುವ ಮಗುವಾಗಿ ಇವಳನ್ನು ಪುಟ್ಟಮಲ್ಲಮ್ಮ ಸಾಕಿರಲಿಲ್ಲ. ಏನೋ ಅನ್ನಬೇಕೆಂದು ತಲೆ ಎತ್ತಿದರು. ಅವಳ ಬಲಗೈ ದುಪಟ್ಟಾದ ಒಳಗಿತ್ತು. ಮಣಿಕಟ್ಟಿನ ಸುತ್ತ ಬಟ್ಟೆ, ಬಟ್ಟೆಯ ಅಂಚಿನಲ್ಲಿ ಊದಿಕೊಂಡ ಬೆರಳುಗಳು. ಏನಾಯಿತೆಂದರೆ ಏನೂ ಇಲ್ಲವೆಂದು ಒಳಗೆ ಹೋದಳು.

ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ತಾಯಿ ಮಗಳ ಮಾತು ನಡೆಯಿತು. ಬಸವಯ್ಯನವರಿಗೆ ಕಿವಿ ಮಂದವೆಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು.

“ಮೇಡಮ್ಮು ಮೊನ್ನೇನೆ ವೀಡಿಯೊ ನೋಡಿ ಏಳ್ಲಿಲ್ವ? ಬ್ಯಾಗು ಜರುಗ್ತಾ ಅದ, ನೀನು ಅದ್ರ ಇಂದಿಂದೆ ಓಡ್ತಾ ಇದ್ದೀಯ, ಏಟು ವಾರೆಯಾಗಿ ಬೀಳ್ತದ ಅಂತ. ಈಗ ಕೈ ಉಳುಕಿಸ್ಕಂಡೆ. ಆಯ್ಕೆಗೆ ಇನ್ನೊಂದೇ ತಿಂಗ್ಳು ಅದ. ನೀರ್ ತಗ್ದು ಮಣ್ಣ ತುಂಬುಸ್ಬಾರ್ದಾ?”

“ಇರ್ಲಿ ಬುಡವ್ವ. ಅದು ನಡ್ಕಂಡು ಬರದ ನೋಡ್ಕಂಡೇ ತಾತ ಎಲ್ಡು ಮಾತಾಡ್ತಾವ್ರೆ. ನಿಲ್ಸ್‌ಬುಟ್ರೆ ಅವರ ಮಾತೂ ನಿಂತೋಗ್ಬುಡ್ತದ.”

ಬಸವಯ್ಯನವರು ಮಜ್ಜಿಗೆಯ ಲೋಟ ಹಿಡಿದು ಹಾಗೆಯೇ ಕೂತರು. ಹುಡುಗಿಗೆ ಎಲ್ಲವೂ ಗೊತ್ತಿತ್ತು. ಬೆಳಗ್ಗೆ ಯಾರು ಚೀಲವನ್ನು ಬಾಗಿಲಿಗೆ ಸರಿಸುತ್ತಾರೆ, ಯಾರು ನಡೆದುಬರಲಿ ಎಂದು ಸರಿಸುತ್ತಾರೆ, ಎಲ್ಲವೂ. ಗೊತ್ತಿದ್ದೂ ದಿನಕ್ಕೆ ಇಷ್ಟಿಷ್ಟು ಅಜ್ಜಿಯನ್ನು ತಾತನ ಬಳಿಗೆ ಗುದ್ದಿ ಗುದ್ದಿ ತಂದು ಬಿಟ್ಟಿದ್ದಳು, ತನ್ನ ಕೈ ಹಾಳಾಗುವವರೆಗೂ. ಹೋದವಳನ್ನು ಕರೆಯುವುದಕ್ಕೆ ಇರುವವಳ ಕೈ ತೆರುವುದು ಯಾವ ಶಿವಭಕ್ತಿ?

ಅವರು ಎದ್ದು ಗೋಡೆಗೊರಗಿದ್ದ ಗುದ್ದಲಿಯನ್ನೂ ಮಂಕರಿಯನ್ನೂ ತೆಗೆದುಕೊಂಡು ಹೊಲಕ್ಕೆ ನಡೆದರು. ರಾಗಿ ಮೊಣಕಾಲು ಮೀರಿ ಬೆಳೆದಿತ್ತು. ಮೂಲೆಯಲ್ಲಿ ಪುಟ್ಟಮಲ್ಲಮ್ಮನ ಗದ್ದುಗೆಯ ಮೇಲೆ ತುಂಬೆ ಗಿಡಗಳೆದ್ದು ಬಿಳಿಯ ಹೂ ಬಿಟ್ಟಿದ್ದವು. ಬಸವಯ್ಯನವರು ಅಲ್ಲಿ ತುಸು ಹೊತ್ತು ನಿಂತರು. ಅಲ್ಲಿಯ ಮಣ್ಣನ್ನು ಮುಟ್ಟಲಿಲ್ಲ. ಅಲ್ಲಿಂದ ಹತ್ತು ಮಾರು ಈಚೆ, ತಾವೇ ಹಿಂದೆ ಹಾಕಿದ ಬದುವಿನಲ್ಲಿ ಅಗೆದರು. ಮೊದಲ ಗುದ್ದಲಿ ಏಟಿಗೆ ಎದ್ದ ವಾಸನೆಗೆ ಅವರ ಕಣ್ಣು ಮಂಜಾಯಿತು. ಮೇಲಿಂದ ಮಗ ಅಟ್ಟಣೆ ಬಿಟ್ಟು ಓಡಿಬಂದ. ಬಂದವನೇ ಇನ್ನೊಂದು ಮಂಕರಿ ಹಿಡಿದ.

ಎರಡು ದಿನ ಆ ಕೆಮ್ಮಣ್ಣು ಅಂಗಳದಲ್ಲಿ ಒಣಗಿತು. ಕಲ್ಲು ಬೇರುಗಳನ್ನು ಜರಡಿಯಾಡಿಸಿ ತೆಗೆದರು. ನೀರನ್ನು ಬಿಲ್ವದ ಬುಡಕ್ಕೆ ಬಗ್ಗಿಸಿ, ಡ್ರಮ್ಮನ್ನು ಬಿಸಿಲಿಗಿಟ್ಟು ಆರಿಸಿದರು. ಬಿರಡೆಯ ಬಾಯಿ ಕಿರಿದು, ಒಂದು ಹಿಡಿಯಷ್ಟೇ ಹಿಡಿಯುತ್ತಿತ್ತು. ರಂಜಿತ ಎಡಗೈಯಲ್ಲಿ ಲಾಳಿಕೆ ಹಿಡಿದು, ಮಣ್ಣು ಮೊಗೆಯಲೆಂದು ಬಗ್ಗಿದಳು.

“ನೀ ಆಮ್ಯಾಕೆ ಆಕು ಕೂಸೆ” ಎಂದರು ಬಸವಯ್ಯನವರು. “ಮೊದ್ಲು ಮೂರಿಡಿ ನಂದು.”

ರಂಜಿತ ಬಗ್ಗಿದವಳು ನೆಟ್ಟಗಾದಳು. ಅವಳ ಅಪ್ಪ ಬಾಗಿಲಲ್ಲಿ ನಿಂತಿದ್ದವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬಸವಯ್ಯನವರು ಮಣ್ಣು ಹಿಡಿದರು. ಬೆರಳ ಸಂದಿಯಿಂದ ಅದು ಕಾಳಿನಂತೆ ಉದುರಿತು, ಆದರೆ ಕೈ ಮುಂದಕ್ಕೆ ಹೋಯಿತು. ಓಂ ನಮಃ ಶಿವಾಯ ಎಂದು ಒಂದು ಹಿಡಿ. ಡ್ರಮ್ಮಿನ ತಳಕ್ಕೆ ಬಿದ್ದ ಸದ್ದು ಸಣ್ಣ ಮಳೆಯ ಮೊದಲ ಹನಿಗಳ ಹಾಗಿತ್ತು. ಎರಡನೆಯ ಹಿಡಿಗೆ ಮಂತ್ರ ಅರ್ಧಕ್ಕೇ ನಿಂತಿತು. ಮೂರನೆಯದಕ್ಕೆ ಮಂತ್ರವೇ ಬಾರದೆ, “ವೋಗಿ ಬಾರವ್ವ” ಎಂಬುದೊಂದು ಮಾತು ಬಾಯಿಂದ ಬಂತು. ಬದುಕಿದ್ದಾಗ ಹೆಂಡತಿ ತವರಿಗೆ ಹೊರಟು ನಿಂತಾಗ ಅವರು ಹೇಳುತ್ತಿದ್ದದ್ದು ಅಷ್ಟೇ. ಆಮೇಲೆ ಅಂಗಳದಲ್ಲೇ ಕೂತು ಅತ್ತರು. ಶಿವನ ಪಾದ ಸೇರಿದವರಿಗಾಗಿ ಅಳಬಾರದೆಂದು ಸ್ವಾಮಿಗಳು ಹೇಳಿದ್ದು ನೆನಪಿತ್ತು. ಶಿವ ಇದನ್ನು ಮನ್ನಿಸಿಯಾನು ಎನಿಸಿತು. ಉಳಿದ ಮಣ್ಣನ್ನು ತಾತ, ಮಗ, ಮೊಮ್ಮಗಳು ಸೇರಿ ಇಳಿಹೊತ್ತಿನವರೆಗೆ ತುಂಬಿದರು.

ಊತ ಇಳಿಯುವವರೆಗೆ ಎಡಗೈಯೊಂದರಲ್ಲೇ ಗುದ್ದು ಎಂದು ಮೇಡಂ ಹೇಳಿದರಂತೆ. ಮಾರನೆಯ ಬೆಳಗ್ಗೆ ರಂಜಿತ ಹಾಗೆಯೇ ಗುದ್ದಿದಳು. ಚೀಲ ಬಾಗಿತು, ಎದ್ದಿತು, ಇದ್ದಲ್ಲೇ ಇತ್ತು. ಬಸವಯ್ಯನವರು ಮೊದಮೊದಲು ಕಣ್ಣು ಅರೆ ತೆರೆದು ಕಾದರು. ಧೂಪದ ಹೊಗೆಯ ಆಚೆಯಿಂದ ಯಾರೂ ಹೊರಡಲಿಲ್ಲ. ಅವರು ಕಣ್ಣನ್ನು ಪೂರ್ತಿ ಮುಚ್ಚಿ, ಅಂಗೈಯ ಲಿಂಗವನ್ನು ಎದೆಯ ಮಟ್ಟಕ್ಕೆ ಎತ್ತಿ, ಪೂಜೆ ಮುಗಿಸಿದರು.

ಬಿಸಿಲೇರುವ ಮುನ್ನ ಹೊಲಕ್ಕೆ ಬಂದಾಗ ಮನೆಯ ಕಡೆಯಿಂದ ಗುದ್ದಿನ ಸದ್ದು ಇನ್ನೂ ಕೇಳುತ್ತಿತ್ತು, ಒಂದೇ ಜಾಗದಿಂದ, ಒಂದೇ ಸಮನೆ. ಆನೆಗಳು ಹೋದ ದಾರಿಯಲ್ಲಿ ನಾಲ್ಕು ಸಾಲು ರಾಗಿ ಮಲಗಿತ್ತು. ಇಬ್ಬನಿಗೆ ಪಂಚೆಯ ಅಂಚು ನೆನೆಯುತ್ತಿದ್ದರೂ ಬಸವಯ್ಯನವರು ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಮುರಿಯದೆ ಉಳಿದ ಪೈರನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ಕೊಡತೊಡಗಿದರು.