ಗಾಳಿ ತಗ್ಗಿದ ಮೇಲೆ

ಬೈಕು ಅರವತ್ತರ ವೇಗ ಮುಟ್ಟಿತೆಂದರೆ ಸಾಕು, ಗಾಳಿ ನನ್ನ ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸತೊಡಗುತ್ತಿತ್ತು. ಮುಂದೆ ಹಾಕಿಸಿದ್ದ ಎತ್ತರದ ವಿಂಡ್‌ಶೀಲ್ಡು ಎದೆಗೆ ಬೀಳುವ ಗಾಳಿಯನ್ನೇನೋ ತಡೆಯುತ್ತಿತ್ತು. ಆದರೆ ಅದರ ಮೇಲಂಚು ದಾಟಿದ ಗಾಳಿ ಸುಳಿಸುಳಿಯಾಗಿ ಬಂದು ನೇರ ಕಿವಿಗೇ ಬಡಿಯುತ್ತಿತ್ತು. ಇಳಿದ ಮೇಲೂ ಒಂದು ಗಂಟೆ ಕಿವಿಯೊಳಗೆ ಭೋರ್ಗರೆತ.

ಆಗ ದಿನವೂ ಬೆಳಗ್ಗೆ ಮಂದಾಕಿನಿ ಅಕ್ಕನನ್ನು ಹಿಂದೆ ಕೂರಿಸಿಕೊಂಡು, ಹದಿನೆಂಟು ಮೈಲಿ ದೂರದ ಅವಳ ಶಾಲೆಗೆ ಬಿಟ್ಟು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಅವಳು ನಮ್ಮೊಂದಿಗೇ ಇದ್ದಳು. ನನಗಿನ್ನೂ ಮದುವೆಯಾಗಿರಲಿಲ್ಲ. ಪಾರ್ಶ್ವವಾಯು ಬಡಿದು ಮಾತು ನಿಂತಿದ್ದ ಅಮ್ಮನನ್ನು ಎತ್ತುವುದು, ಮೈ ಒರೆಸುವುದು, ಉಣಿಸುವುದು ಎಲ್ಲವೂ ಅಕ್ಕನದೇ. ಹಗಲು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ನಾನು ಮಾತ್ರೆ ತಂದುಕೊಡುತ್ತಿದ್ದೆ, ಅಷ್ಟೆ.

ಆ ಗಾಳಿ ನನ್ನನ್ನು ಸುಮ್ಮನಿರಗೊಡಲಿಲ್ಲ. ವಿಂಡ್‌ಶೀಲ್ಡಿನ ಮೇಲೆ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಅವು ಎತ್ತ ಹಾರುತ್ತವೆಂದು ನೋಡಿದೆ. ಕೊನೆಗೆ ಮೆಕ್ಯಾನಿಕ್ ಇಲಿಯಾಸ್ ಸಾಬರು ಮೇಲಂಚನ್ನು ಗರಗಸದಿಂದ ಮೂರು ಬೆರಳು ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿದರು. ಬೋಲ್ಟುಗಳಿಗೆ ದಪ್ಪ ವಾಷರ್ ಕೊಟ್ಟು ಬುಡದಲ್ಲಿ ಸ್ವಲ್ಪ ಸಂದು ಬಿಟ್ಟರು.

"ಗಾಳೀನ ಪೂರ್ತಿ ಅಡ್ಡಗಟ್ಟಬಾರ್ದು ಸ್ವಾಮಿ. ಕೆಳಗಿಂದ ಒಂಚೂರು ಬಿಟ್ರೆ ಮೇಲಿಂದು ತೆಪ್ಪಗಾಗ್ತದೆ," ಎಂದರು.

ಮರುದಿನ ಅರವತ್ತು ದಾಟಿದರೂ ಹೆಲ್ಮೆಟ್ಟು ಅಲುಗಲಿಲ್ಲ. ಆಗ ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ನೋಡು ಪುಟ್ಟ, ನಿನಗೆ ಬೇಜಾರಾಗ್ಬಹುದು..." ತಡೆದಳು. ಮತ್ತೆ ಮೊದಲಿನಿಂದ, "ಪುಟ್ಟ, ನಮ್ ಶಾಲೆ ಗಣಿತದ ಮೇಷ್ಟ್ರು ನಿರಂಜನ ಅಂತ. ನನ್ನ ಮದುವೆಯಾಗ್ತೀನಿ ಅಂತಿದಾರೆ. ನಂಗೂ ಒಪ್ಪಿಗೆ. ಆದ್ರೆ ಅಮ್ಮ..."

ಅವಳು ನನಗೆ ಹೇಳುತ್ತಿರಲಿಲ್ಲ. ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಗಾಳಿಯ ಮರೆಯಲ್ಲಿ, ಎಷ್ಟು ದಿನಗಳಿಂದಲೋ. ಶಾಲೆಯ ಮುಂದೆ ಇಳಿದು ಎಂದಿನಂತೆ "ನಿಧಾನ ಹೋಗು" ಎಂದಷ್ಟೇ ಹೇಳಿದಳು.

ನಾಲ್ಕು ದಿನ ಕೇಳಿಸಿಕೊಂಡೆ. ಇವಳು ಹೋದರೆ ಅಮ್ಮನ ಗತಿಯೇನು ಎಂದು ಯೋಚಿಸಿದೆ. ನಿಜ ಹೇಳಬೇಕೆಂದರೆ, ನನ್ನ ಗತಿಯೇನು ಎಂದು. ಐದನೆಯ ಬೆಳಗ್ಗೆ ಯಾರಿಗೂ ಹೇಳದೆ ವಾಷರುಗಳನ್ನು ಬಿಚ್ಚಿ ತೆಗೆದೆ. ಸಂದು ಮುಚ್ಚಿಕೊಂಡಿತು. ದಾರಿಯಲ್ಲಿ ಗಾಳಿ ಮತ್ತೆ ಕಿವಿಗೆ ಬಡಿಯಿತು. ಏನೂ ಕೇಳಿಸಲಿಲ್ಲ. ಆದರೆ ಕನ್ನಡಿಯಲ್ಲಿ ಅವಳ ತುಟಿಗಳು ಅಲುಗುತ್ತಲೇ ಇದ್ದವು.

ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿಬಿಟ್ಟೆ.

"ಏನಾಯ್ತೋ?"

"ಅಕ್ಕ, ನೀನು ಹೇಳ್ಕೋತಿದ್ದಿದ್ದೆಲ್ಲ ನಾಲ್ಕು ದಿನದಿಂದ ನಂಗೆ ಕೇಳಿಸ್ತಿತ್ತು. ಇವತ್ತು ಕೇಳಿಸ್ಬಾರ್ದು ಅಂತ ನಾನೇ ಮತ್ತೆ ಗಾಳಿ ಕಿವಿಗೆ ಬಡಿಯೋ ಹಾಗೆ ಮಾಡ್ಕೊಂಡೆ."

ಅವಳ ಮುಖ ಕೆಂಪಾಯಿತು.

"ಹಾಗಾದ್ರೆ ನಾನಿನ್ನೇನೂ ಹೇಳೋದು ಉಳಿದಿಲ್ಲ," ಎಂದಳು.

"ಉಳಿದಿದೆ. ಅಮ್ಮನ್ನ ಎತ್ತಿ ಕೂರಿಸೋದು ಹೇಗೆ ಅಂತ ಹೇಳಿಕೊಡು."

ಅಂದು ಸಂಜೆ ಅವಳು ಬಾಗಿಲಲ್ಲಿ ಕೈಕಟ್ಟಿ ನಿಂತಳು. "ಕುತ್ತಿಗೆ ಕೆಳಗೆ ಒಂದು ಕೈ ಹಾಕು. ಇನ್ನೊಂದು ಬೆನ್ನಿಗೆ. ಅವಸರ ಮಾಡ್ಬೇಡ."

ಅಮ್ಮ ಅಷ್ಟೊಂದು ಹಗುರಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಎದ್ದು ಕುಳಿತವಳು ನನ್ನನ್ನು ನೋಡಿದಳು, ಬಾಗಿಲಲ್ಲಿದ್ದ ಅಕ್ಕನನ್ನು ನೋಡಿದಳು. ಆಮೇಲೆ, ಇನ್ನೂ ಆಡುತ್ತಿದ್ದ ಆ ಒಂದು ಕೈಯಿಂದ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು.