ಆನೆ ಗ್ರೂಪಿನಲ್ಲಿ ಭಾವ

ನನ್ನ ಗಂಡನ ಅಣ್ಣ ಶಶಿಕಿರಣ್ ದಿನಾ ಬೆಳಿಗ್ಗೆ ಬಣಕಲ್ಲಿಗೆ ನಡೆಯಲೇಬೇಕು. ದಾರಿಯ ಪ್ರತಿ ಸಿಲ್ವರ್ ಮರವನ್ನೂ ಮುಟ್ಟಿಕೊಂಡು ಹೋಗಿ, ಬಸ್ ನಿಲ್ದಾಣದಲ್ಲಿ ಚಕ್ರಗಳನ್ನು ನೋಡುತ್ತ ನಿಂತು, ಅದೇ ದಾರಿಯಲ್ಲಿ ವಾಪಸು ಬರುತ್ತಾರೆ. ಮಾತಿಲ್ಲ. ನಡೆಯದ ದಿನ ಮುಂಗೈ ಕಚ್ಚಿಕೊಳ್ಳುತ್ತಾರೆ, ಹಣೆಯನ್ನು ಬಾಗಿಲಿಗೆ ಜಜ್ಜಿಕೊಳ್ಳುತ್ತಾರೆ. ಇದಕ್ಕೆ ಆಟಿಸಂ ಎನ್ನುತ್ತಾರೆಂದು ಮಂಗಳೂರಿನ ಡಾಕ್ಟರೊಬ್ಬರು ಹೇಳುವಷ್ಟರಲ್ಲಿ ಅವರ ತಲೆ ನರೆಯಲು ಶುರುವಾಗಿತ್ತು.

ಜೊತೆಗೆ ನಡೆಯುತ್ತಿದ್ದವರು ನನ್ನ ಗಂಡ ರಾಜೀವ್. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ತಿಥಿ ಮುಗಿದ ಮರುದಿನ ಭಾವ ಒಬ್ಬರೇ ಗೇಟು ದಾಟಿ ಹೊರಟರು.

ನಾನು ಮೂಡಿಗೆರೆಯ ಶಾಲೆಯಲ್ಲಿ ಕನ್ನಡ ಟೀಚರು. ಮನೆ ನಡೆಯುವುದು ಆ ಸಂಬಳದಿಂದ. ಅತ್ತೆ ನಂಜಮ್ಮನಿಗೆ ಮಂಡಿ ನೋವು, ಗೇಟಿನ ತನಕ ನಡೆದರೆ ಹೆಚ್ಚು. ಇಂಥವರನ್ನು ಹಗಲು ನೋಡಿಕೊಳ್ಳುವ ಜಾಗಕ್ಕಾಗಿ ಚಿಕ್ಕಮಗಳೂರಿನಲ್ಲಿ ಎರಡು ಕಡೆ ವಿಚಾರಿಸಿದೆ. ಮಕ್ಕಳಾದರೆ ಕರೆತನ್ನಿ ಎಂದರು.

ಆಗ ನೆನಪಾದದ್ದು ಆನೆ ಗ್ರೂಪು. ನಮ್ಮ ಸುತ್ತಲಿನ ತೋಟದವರು, ಕೂಲಿಯವರು, ಅಂಗಡಿಯವರು ಎಲ್ಲ ಇರುವ ವಾಟ್ಸಾಪ್ ಗ್ರೂಪು. ಕಾಡಾನೆ ಕಂಡವರು ಎಲ್ಲಿ ಕಂಡಿತೆಂದು ಹಾಕುತ್ತಾರೆ. ಅದನ್ನು ನಡೆಸುವ ವಿಶ್ವನಾಥ್ ಮಾವ ಪಕ್ಕದ ಎಸ್ಟೇಟಿನವರು. ಭಾವ ಕಂಡರೆ ಅದರಲ್ಲೇ ಒಂದು ಮಾತು ಹಾಕಬಹುದಾ ಎಂದು ಕೇಳಿದೆ.

“ಅಷ್ಟೇನಾ? ಇದನ್ನ ಕೇಳಕ್ಕೆ ಇಷ್ಟು ದಿನ ಬೇಕಾಯ್ತ ಮಾರಾಯ್ತಿ? ಶಶಿ ನಮ್ಮ ಹುಡುಗ ಅಲ್ವ? ನೀನು ನೆಮ್ಮದಿಯಾಗಿ ಪಾಠ ಮಾಡು.”

ಅಂದೇ ಗ್ರೂಪಿನಲ್ಲಿ ಹೇಳಿದರು. ಮರುದಿನದಿಂದಲೇ ಮೆಸೇಜು ಬಂದವು. ಶಶಿಯಣ್ಣ ಸೇತುವೆ ಹತ್ತಿರ ಇದ್ದಾರೆ. ಶಶಿಯಣ್ಣ ಚರ್ಚ್ ತಿರುವು ದಾಟಿದ್ದಾರೆ. ಬಸ್ ನಿಲ್ದಾಣದ ಹೋಟೆಲಿನ ಲಕ್ಕಯ್ಯ, “ಶಶಿಯಣ್ಣ ಬಂದ್ರು. ಧರ್ಮಸ್ಥಳ ಬಸ್ಸಿಗೆ ಇವರನ್ನೇ ಡ್ರೈವರ್ ಮಾಡಿ, ಟೈಮಿಗೆ ಸರಿಯಾಗಿ ಬರುತ್ತೆ” ಎಂದು ವಾಯ್ಸ್ ಮೆಸೇಜು ಕಳಿಸಿದ. ಸ್ಟಾಫ್ ರೂಮಿನಲ್ಲಿ ಅದನ್ನು ಎರಡು ಸಲ ಕೇಳಿದೆ. ರಾಜೀವ್ ಹೋದ ಮೇಲೆ ಮಧ್ಯಾಹ್ನದ ಡಬ್ಬಿ ಖಾಲಿಯಾದದ್ದು ಆ ಕೆಲವು ವಾರ ಮಾತ್ರ.

ಮಳೆ ನಿಂತು ಆನೆಗಳು ಕೆಳಗಿಳಿದವು. ಒಂಟಿ ಸಲಗವೊಂದು ನಮ್ಮ ರಸ್ತೆಯಲ್ಲೇ ಓಡಾಡತೊಡಗಿತು. ಮೆಸೇಜು ಹೆಚ್ಚಿದವು. ಬರೆಯುವವರಿಗೂ ಬೇಸರ ಬಂದಿರಬೇಕು, ಆನೆಯ ಹಳೆ ಮೆಸೇಜನ್ನೇ ತೆಗೆದು ಒಂದೆರಡು ಪದ ಬದಲಿಸಿ ಹಾಕುತ್ತಿದ್ದರು. ಶಶಿಯಣ್ಣ ಶಶಿಯಾದರು. ಇದ್ದಾರೆ ಹೋಗಿ ಇದ್ದಾನೆ ಬಂತು. ಒಂದು ದಿನ ಎಂಟನೇ ಕ್ಲಾಸಿನಲ್ಲಿರುವಾಗ ಫೋನು ಮಿನುಗಿತು.

“ಶಶಿ ಲೈನ್ ಮನೆ ಹತ್ತಿರ ಇದೆ. ಎಚ್ಚರಿಕೆಯಿಂದ ಓಡಾಡಿ.”

ಇದ್ದಾರೆ ಎಂದು ತಿದ್ದಿ ಬರೆದೆ. ಕಳಿಸುವ ಮುಂಚೆ ಅಳಿಸಿದೆ. ತಪ್ಪು ಹಿಡಿದರೆ ಹಾಕುವುದನ್ನೇ ಬಿಟ್ಟಾರು ಅನ್ನಿಸಿತು.

ಕೂಲಿಯವರ ಸಾಲು ಬಿಡಾರವಾದ ಆ ಲೈನ್ ಮನೆಯ ಗಿಡ್ಡಮ್ಮ ಒಂದು ಸಂಜೆ ಬಸ್ಸಿಳಿದಾಗ ಸಿಕ್ಕಿದಳು. ಭಾವ ಹೇಗೆ ಹೋಗಿಬರುತ್ತಿದ್ದಾರೆಂದು ಕೇಳಿದೆ.

“ನಾ ಎಲ್ಲಿ ನೋಡ್ಲಿ ಅಮ್ಮೋರೆ? ಫೋನು ಟಿಂಗ್ ಅಂದ್ರೆ ಮಕ್ಕಳನ್ನ ಒಳಗೆಳ್ಕಂಡು ಚಿಲಕ ಹಾಕದೇಯ.”

“ಅದು ಆನೆಗೆ ಗಿಡ್ಡಮ್ಮ. ಅವರಿಗಲ್ಲ.”

“ನಂಗೆ ಗೊತ್ತು. ಹೊಸದಾಗಿ ಕೂಲಿಗೆ ಬಂದೋರಿಗೆ ಏನು ಗೊತ್ತು? ಅವ್ರಿಗೆ ಓದಕ್ಕೂ ಬರಲ್ಲ. ಎಲ್ರೂ ಓಡ್ತಾರೆ, ಅವ್ರೂ ಓಡ್ತಾರೆ. ಶಶಿ ಅಯ್ಯಾರು ಬಾಗಿಲು ಬಾಗಿಲು ಮುಟ್ಕಂಡು ಹೋಗ್ತಾರೆ. ಒಳಗೆ ಕೂತೋರಿಗೆ ಸದ್ದು ಕೇಳುತ್ತೆ. ಹೆದ್ರಿಕೆ ಆಗುತ್ತೆ ಅಮ್ಮೋರೆ.”

ಅಂದು ರಾತ್ರಿ ವಿಶ್ವನಾಥ್ ಮಾವನಿಗೆ ಫೋನು ಮಾಡಿ, ಭಾವನ ವಿಷಯ ಇನ್ನು ಹಾಕುವುದು ಬೇಡ ಎಂದೆ. ಹೇಳುತ್ತೇನೆ ಎಂದರು, ಹೇಳಿಯೂ ಹೇಳಿದರು. ಮೆಸೇಜು ನಿಂತಿತು. ಹೆದರಿಕೆ ನಿಲ್ಲಲಿಲ್ಲ. ಈಗ ಭಾವ ಹೇಳದೆ ಕೇಳದೆ ಬರುವವರಾದರು.

ಮುಂದಿನ ವಾರ ಲೈನಿನ ಹುಡುಗರು ಅವರ ಕಾಲ ಬಳಿ ಆನೆ ಓಡಿಸುವ ಪಟಾಕಿ ಹೊಡೆದರು.

ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ರಸ್ತೆ ಬಿಟ್ಟು ತೋಟಕ್ಕೆ ನುಗ್ಗಿದರಂತೆ. ಸಂಜೆಯ ಹೊತ್ತಿಗೆ ಹಳ್ಳದ ಆಚೆಯ ಮುಳ್ಳುತಂತಿ ಬೇಲಿಯಲ್ಲಿ ಕೈ ಹರಿದುಕೊಂಡು ಸಿಲುಕಿದ್ದರು. ಹುಡುಕಲು ಊರೇ ಬಂದಿತ್ತು, ಪಟಾಕಿ ಹೊಡೆದವರೂ ಬಂದಿದ್ದರು. ತಂತಿ ಬಿಡಿಸಿ ಹೊತ್ತುಕೊಂಡು ಬಂದವರೂ ಅವರೇ.

ವಿಶ್ವನಾಥ್ ಮಾವ ನಮ್ಮ ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ಕಾಫಿ ಮುಟ್ಟಲಿಲ್ಲ.

“ಅವ್ರು ಬೇಕು ಅಂತ ಮಾಡಿದ್ದಲ್ಲ ಅತ್ತಿಗೆ,” ಎಂದರು ಅತ್ತೆಗೆ. “ಯಾರನ್ನ ಅಂತ ಬೈಲಿ?”

“ಯಾರನ್ನೂ ಬೈಬೇಡ ವಿಶ್ವ.”

“ಸ್ವಲ್ಪ ದಿನ ಗೇಟಿಗೆ ಬೀಗ ಹಾಕಿ. ಎಲ್ಲ ತಣ್ಣಗಾಗ್ಲಿ.”

“ನಡೀದಿದ್ರೆ ಅವರಿಗಾಗಲ್ಲ ಮಾವ,” ಎಂದೆ. “ಯಾರಾದ್ರೂ ಒಬ್ಬರು ಜೊತೆಗೆ ನಡೆದರೆ ಸಾಕು. ಸುಮ್ನೆ ಪಕ್ಕದಲ್ಲಿ.”

ಮಾವ ಅಂಗಳ ನೋಡಿದರು. “ಕೊಯ್ಲಿನ ಟೈಮು. ಯಾರನ್ನ ಬಿಡಲಿ ಹೇಳು?”

ಅವರು ಹೇಳಿದ್ದು ಸುಳ್ಳಲ್ಲ.

“ಹಾಕಮ್ಮ,” ಎಂದರು ಅತ್ತೆ. “ಒಬ್ಬನ್ನ ಕಳ್ಕಂಡಾಗಿದೆ.”

ಬೀಗ ನಾನೇ ಹಾಕಿದೆ.

ಕೈಯ ಗಾಯ ಒಣಗಿದ ದಿನ ಭಾವ ಚಪ್ಪಲಿ ಮೆಟ್ಟಿ ಗೇಟಿಗೆ ಬಂದರು. ಸರಳು ಅಲ್ಲಾಡಿಸಿದರು. ಆಮೇಲೆ ಹಣೆ ಬಡಿಯುವುದು ಶುರುವಾಯಿತು. ಅತ್ತೆ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕುಳಿತು, ಸರಳಿಗೂ ಹಣೆಗೂ ನಡುವೆ ದಿಂಬು ಹಿಡಿದರು. ಕೈ ಸೋತಾಗ ಇನ್ನೊಂದು ಕೈಯಲ್ಲಿ.

ನಾನು ಶಾಲೆಗೆ ಹೋಗುವಾಗ ಗೇಟು ತೆರೆದರೆ ಅವರನ್ನು ತಡೆಯಲು ನಮ್ಮಿಬ್ಬರಿಂದ ಆಗುವುದಿಲ್ಲ. ಹಿತ್ತಲ ಬೇಲಿಯಲ್ಲಿ ಒಂದು ಗೂಟ ಸಡಿಲಿಸಿ, ನುಸುಳಿ, ಮತ್ತೆ ನಿಲ್ಲಿಸಿ, ಕಾಫಿ ಗಿಡಗಳ ನಡುವೆ ಬಗ್ಗಿಕೊಂಡು ರಸ್ತೆಗೆ ಬಂದೆ. ಬಡಿಯುವ ಸದ್ದು ಅಲ್ಲಿಗೂ ಕೇಳುತ್ತಿತ್ತು. ದಿಂಬಿನ ಮೇಲೆ ಬಿದ್ದದ್ದು ಯಾವುದು, ಸರಳಿನ ಮೇಲೆ ಬಿದ್ದದ್ದು ಯಾವುದು ಎಂದು ಗೊತ್ತಾಗುತ್ತಿತ್ತು.

ಬಸ್ಸು ಬಂತು. ಸೀಟು ಸಿಕ್ಕಿತು. ಕುಳಿತೆ.