ಅಂಬುಜಾ ಹದ ಮಾಡಿದ ಮಣ್ಣು

ಹೋಟೆಲಿನವರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಹಿಟ್ಟಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಲು ಹೋಗಬಾರದು. ಮಣ್ಣಿನ ವಿಷಯದಲ್ಲಿ ಹೇಳಬಹುದಿತ್ತು. ಆದರೆ ಅಂಬುಜಾ ಕೇಳಬೇಕಲ್ಲ!

ವೆಸ್ಟ್ ಮಾಂಬಲಂನ ಆ ಹಳೆಯ ಕಟ್ಟಡದಲ್ಲಿ ಇರುವುದು ಎಂಟೇ ಮನೆ. ಕೆಳಗಿನದು ಅಂಬುಜಾ ಮತ್ತು ಅವಳ ಗಂಡ ಶಂಕರನಾರಾಯಣರದು. ಅವರ ಅಡುಗೆಮನೆಯ ಹಿಂದೆ ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಒಂದು ಖಾಲಿ ಮೂಲೆ. ಇಟ್ಟಿಗೆ ಚೂರು, ಒಡೆದ ಟೈಲ್ಸು, ಒಂಟಿ ಹವಾಯಿ ಚಪ್ಪಲಿ, ಎಲ್ಲ ಅಲ್ಲಿ ಸುಖವಾಗಿ ಬಿದ್ದಿದ್ದವು. ನುಂಗಂಬಾಕ್ಕಂನ ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ತಿರುವಿ ನಿವೃತ್ತಳಾದ ಅಂಬುಜಾಳಿಗೆ ಆ ಮೂಲೆಯ ಮೇಲೆ ಕಣ್ಣು ಬಿತ್ತು. ಹುಟ್ಟಿದಾರಭ್ಯ ಅವಳು ತನಗಾಗಿ ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ಕಣ್ಣು ಇನ್ನೊಬ್ಬರದೂ ಬಿದ್ದಿತ್ತು. ಅಸೋಸಿಯೇಷನ್ ಸೆಕ್ರೆಟರಿ ರಮೇಶ್, ಮೂರನೇ ಮಹಡಿಯವರು, ಅಲ್ಲಿ ಸಿಮೆಂಟ್ ಹಾಕಿಸಿ ಸ್ಕೂಟರ್ ನಿಲ್ಲಿಸಬೇಕೆಂದು ಪಟ್ಟು ಹಿಡಿದಿದ್ದರು. ರಮೇಶ್‌ಗೆ ರೈಲ್ವೆ ಕೆಲಸ ಸಿಕ್ಕಿದ್ದೇ ವೇಟ್‌ಲಿಫ್ಟಿಂಗ್‌ನಿಂದ. ಅರವತ್ತು ದಾಟಿದರೂ ತೋಳು ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯಬೇಕು, ಹಾಗಿತ್ತು.

ಜೂನ್ ತಿಂಗಳ ಮೀಟಿಂಗಿನಲ್ಲಿ ಅಂಬುಜಾ ಎದ್ದು ನಿಂತಳು. "ಅಲ್ಲಿ ನಾನು ಕುಂಬಳಕಾಯಿ ಬೆಳೆಸ್ತೇನೆ. ಸಣ್ಣದಲ್ಲ ಮತ್ತೆ. ನಿಮ್ಮ ಕೈಯಲ್ಲೂ ಎತ್ತಲಿಕ್ಕೆ ಆಗದಂಥದ್ದು!"

ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ರಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಮೇಡಂ, ತಮಾಷೆನಾ? ನೂರಿಪ್ಪತ್ತು ಕಿಲೋ ಎತ್ತಿದ ಕೈ ಇದು. ಸರಿ, ಯುಗಾದಿವರೆಗೂ ಟೈಮ್ ತಗೊಳ್ಳಿ. ನಾನೊಬ್ಬನೇ ಎತ್ಕೊಂಡು ಗೇಟ್‌ವರೆಗೆ ಹೋದ್ರೆ ಮಾರನೇ ದಿನ ಸಿಮೆಂಟು. ಆಗಲಿಲ್ವಾ, ಆ ಮೂಲೆ ನಿಮ್ದೇ. ಮತ್ತೆ ಆ ಮಾತೇ ಎತ್ತಲ್ಲ."

ಶಂಕರನಾರಾಯಣರು ಹಣೆ ಚಚ್ಚಿಕೊಂಡರು. ಎಲ್ಲ ಮಿನಿಟ್ಸ್ ಪುಸ್ತಕದಲ್ಲಿ ಬರೆದೂ ಆಯಿತು.

ಅಂಬುಜಾ ಹಾರೆ ಹಿಡಿದಳು. ಎರಡಡಿ ಆಳ ಅಗೆದು, ನಲವತ್ತು ಗೋಣಿ ಕಲ್ಲು-ಗಾರೆ ಹೊರಗೆ ಹಾಕಿ, ಹೊಸ ಕೆಮ್ಮಣ್ಣು ತುಂಬಿಸಿದಳು. ಇಷ್ಟರಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ತೌರುಮನೆಯ ಬುದ್ಧಿ ಓಡಿಸಿದಳು ನೋಡಿ!

ಅವಳ ತಮ್ಮ ಪ್ರಮೋದನ ಹೋಟೆಲ್ ಎರಡು ಬೀದಿ ಆಚೆ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿಪುಡಿಯ ಚರಟ ಅಲ್ಲಿ ದಿನಕ್ಕೆ ಎರಡು ಬಕೆಟ್. ಹುಳಿ ಏರಿ ಬಿಸಾಡುವ ದೋಸೆಹಿಟ್ಟು ಬೇರೆ. ಹಿಟ್ಟು ಉಬ್ಬಿದರೆ ದೋಸೆ ಹಗುರ, ಮಣ್ಣು ಉಬ್ಬಿದರೆ ಬೇರು ಹಗುರ. ಅಂಬುಜಾಳ ಲೆಕ್ಕ ಅಷ್ಟೇ. ಕಾಫಿ ಚರಟವನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿ, ಮೇಲಿನಿಂದ ಹಿಟ್ಟು ಸುರಿದಳು, ಒಂದಲ್ಲ, ಎಂಟು ಬಕೆಟ್. ಮೂರನೇ ದಿನ ಮಣ್ಣು ನಿಜವಾಗಿ ಉಬ್ಬಿತು! ಗುಳುಗುಳು ನೊರೆ ಬಂತು. ಎಂಟೂ ಮನೆಯ ಕಿಟಕಿ ಮುಚ್ಚಿದವು.

"ಏನ್ ಮೇಡಂ ಇದು ನಾತ್ತಂ! ಪೂಜೆಗೆ ಕೂತ್ರೆ ಊದುಬತ್ತಿ ವಾಸನೆನೇ ಗೊತ್ತಾಗ್ತಿಲ್ಲ," ಎಂದು ರಮೇಶ್ ಮೂಗಿಗೆ ಟವೆಲ್ ಕಟ್ಟಿಕೊಂಡೇ ಕೆಳಗೆ ಬಂದರು.

ದೊಡ್ಡ ತಳಿಯ ಐದು ಬೀಜ ತರಿಸಿದ್ದಳು. ವಾಸನೆ ಇಳಿದ ಮೇಲೆ ಎರಡನ್ನು ಊರಿದಳು. ಮೊಳಕೆಯೇನೋ ಚಂದವಾಗಿ ಬಂತು. ಹದಿನೈದೇ ದಿನದಲ್ಲಿ ಎಲೆಯ ಅಂಚು ಸುಟ್ಟ ಹಾಗಾಗಿ ಎರಡೂ ಮಲಗಿದವು. ಚರಟ ಹಪ್ಪಳಗಟ್ಟಿ, ಹಾಕಿದ ನೀರು ಮೇಲಿನಿಂದಲೇ ಹರಿದು ಗೋಡೆ ಸೇರುತ್ತಿತ್ತು. ಪ್ರಮೋದ ಬಂದು ನೋಡಿದ. ಸತ್ತ ಸಸಿಯನ್ನು ಎತ್ತಿ ತಿರುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಅಕ್ಕಾ, ನಮ್ಮ ಹಿಟ್ಟಿಗೆ ರುಬ್ಬಿದ ಕೂಡಲೇ ಉಪ್ಪು ಹಾಕ್ತೇವಲ್ಲ, ಅದು ನೆನಪುಂಟಾ?"

ಅಂಬುಜಾ ಬಾಯಿಗೆ ಕೈ ಅಡ್ಡ ಹಿಡಿದಳು. ಸ್ವಂತ ಕೈಯಿಂದ ಸಾವಿರ ಸಲ ಹಾಕಿದ ಉಪ್ಪು ನೆನಪಾಗದೆ ಹೋಯಿತಲ್ಲ! ಆ ದಿನ ಅಡುಗೆಮನೆಯಲ್ಲಿ ಕುಳಿತು ಚೆನ್ನಾಗಿ ಅತ್ತಳು. ಶಂಕರನಾರಾಯಣರು ತಾವೇ ಕಾಫಿ ಮಾಡಿ ತಂದಿಟ್ಟರು. "ಅಳುವುದಾದರೆ ಹೊರಗೆ ಬೇಡ ಮಾರಾಯ್ತಿ, ಮಣ್ಣಿಗೆ ಮತ್ತೆ ಉಪ್ಪು ಬೀಳ್ತದೆ," ಎಂದರು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಉಪ್ಪನ್ನು ತೊಳೆಯಲು ಅಕ್ಟೋಬರ್-ನವೆಂಬರಿನ ಐಪ್ಪಸಿ ಮಳೆಯೇ ಬರಬೇಕಾಯಿತು. ಚೆನ್ನೈಗೆಲ್ಲ ಮಳೆಯೆಂದರೆ ಗೋಳು. ಅಂಬುಜಾ ಒಬ್ಬಳೇ ಕೊಡೆ ಹಿಡಿದು ಹಿತ್ತಿಲಲ್ಲಿ ನಿಂತು "ಇನ್ನೂ ಬಾ, ಇನ್ನೂ ಬಾ" ಎನ್ನುತ್ತಿದ್ದಳು. ನೀರು ಹೊರಗೆ ಹೋಗಲೆಂದು ಕಾಲುವೆ ತೋಡಿದಳು. ಮಳೆ ನಿಂತ ಮೇಲೆ ಹಪ್ಪಳಗಟ್ಟಿದ ಚರಟವನ್ನು ಒಡೆದು, ಬೇವಿನೆಲೆ, ತೆಂಗಿನ ನಾರಿನ ಪುಡಿ, ಪಕ್ಕದ ಬೀದಿಯ ಹಾಲಿನವರ ಕೊಟ್ಟಿಗೆಯ ಸಗಣಿ, ಬೇವಿನ ಹಿಂಡಿ ಎಲ್ಲ ಸೇರಿಸಿ ವಾರಕ್ಕೆರಡು ಸಲ ಮಗುಚಿದಳು. ಬರಬರುತ್ತ ಮಣ್ಣಿಗೆ ಕೈ ಇಟ್ಟರೆ ಮೊಣಕೈವರೆಗೆ ತಡೆಯಿಲ್ಲದೆ ಇಳಿಯತೊಡಗಿತು. ಅದರ ಮೇಲೆ ಮನುಷ್ಯರ ಪಾದ ಬೀಳುವಂತಿರಲಿಲ್ಲ. ತುಳಿದ ಮಣ್ಣಿಗೆ ಉಸಿರಿಲ್ಲ ಎಂದು ಅವಳು ಹೋಟೆಲಿನ ಹಳೆಯ ಬೆಂಚಿನ ಹಲಗೆ ಹಾಸಿ ಅದರ ಮೇಲಷ್ಟೇ ಓಡಾಡುತ್ತಿದ್ದಳು. "ಕಾಲಿಟ್ಟವರಿಗೆ ಮನೆಯಲ್ಲಿ ಊಟ ಇಲ್ಲ," ಎಂಬ ಶಾಸನ ಮುಖ್ಯವಾಗಿ ಶಂಕರನಾರಾಯಣರಿಗೆ.

ಡಿಸೆಂಬರಿನಲ್ಲಿ ಉಳಿದ ಮೂರು ಬೀಜ ಊರಿದಳು. ಗಟ್ಟಿಮುಟ್ಟಾದ ಒಂದು ಬಳ್ಳಿ ಉಳಿಸಿಕೊಂಡಳು. ಅದರಲ್ಲೂ ಒಂದೇ ಕಾಯಿ ಬಿಟ್ಟು ಉಳಿದ ಹೀಚುಗಳನ್ನೆಲ್ಲ ಚಿವುಟಿದಳು. ಬಳ್ಳಿಯ ಗೆಣ್ಣು ಗೆಣ್ಣಿಗೂ ಮಣ್ಣು ಮುಚ್ಚಿದಾಗ ಅಲ್ಲೆಲ್ಲ ಬೇರು ಇಳಿಯಿತು. ಆಮೇಲೆ ಕಾಯಿ ಹಿಂದೆ ತಿರುಗಿ ನೋಡಲಿಲ್ಲ. ಫೆಬ್ರವರಿಗೆ ನೀರಿನ ಕೊಡದಷ್ಟಾಯಿತು, ಮಾರ್ಚ್‌ನಲ್ಲಿ ತಬ್ಬಿಕೊಳ್ಳಲು ಎರಡು ಕೈ ಸಾಲದು.

ಕೊನೆಯ ವಾರ ಅವಳು ಟೇಪು ಹಿಡಿದು ಸುತ್ತಳತೆ ತೆಗೆದು ತೂಕ ಅಂದಾಜು ಮಾಡಿದಳು. ಹೆಚ್ಚೆಂದರೆ ಅರವತ್ತು ಕಿಲೋ. ಅರವತ್ತು ಆ ಮನುಷ್ಯನಿಗೆ ಯಾವ ಲೆಕ್ಕ? ಪ್ರಮೋದ ಕಿವಿಯ ಹತ್ತಿರ ಬಂದು, "ಅಕ್ಕಾ, ಒಂದು ಸೌಟು ಎಣ್ಣೆ ಸವರಿ ಬಿಡುವ. ಜಾರ್ತದೆ," ಎಂದ.

"ಸುಮ್ಮನಿರು ನೀನು. ಸೋತರೆ ಸೋತೆ, ಮೋಸ ಮಾಡಿ ಗೆಲ್ಲುವ ಮೂಲೆ ನನಗೆ ಬೇಡ," ಎಂದು ಗದರಿದಳು. ಗದರಿದ ಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಎಷ್ಟು ತಿಂಗಳ ದುಡಿಮೆ ಅದು!

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದು ಎಂಟೂ ಮನೆಯವರು ಹಿತ್ತಿಲಲ್ಲಿ ಸೇರಿದರು. ರಮೇಶ್ ಟ್ರ್ಯಾಕ್‌ಪ್ಯಾಂಟ್ ಹಾಕಿಕೊಂಡು, ಅಂಗೈಗೆ ಪೌಡರ್ ಸವರಿಕೊಂಡು, ಮದುಮಗನ ಗತ್ತಿನಲ್ಲಿ ಬಂದರು. ಅಂಬುಜಾ ತೊಟ್ಟು ಕೊಯ್ದು ಬದಿಗೆ ಸರಿದಳು.

"ಹಲಗೆ ಮೇಲೆ ನಿಂತುಕೊಳ್ಳಿ ಸಾರ್," ಎಂದಳು, ಅಭ್ಯಾಸಬಲದಿಂದ.

"ಹಲಗೆ ಮೇಲೆ ಗ್ರಿಪ್ ಸಿಗಲ್ಲ ಮೇಡಂ. ಲಿಫ್ಟರ್‌ಗೆ ಕಾಲು ನೆಲದ ಮೇಲಿರಬೇಕು." ಹಲಗೆಯನ್ನು ಕಾಲಿನಿಂದ ಆಚೆ ತಳ್ಳಿ, ಬರಿಗಾಲಲ್ಲಿ ಅಗಲವಾಗಿ ನಿಂತು, ಉಸಿರೆಳೆದು ಬಾಗಿದರು. ಒಂದು, ಎರಡು, ಹಾ! ಕಾಯಿ ಮೇಲೆ ಬಂತು. ಮೊಣಕಾಲು, ಸೊಂಟ, ಎದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಬುಜಾಳ ಕಣ್ಣು ಕತ್ತಲೆಗಟ್ಟಿತು. ಮುಗಿಯಿತು, ನಾಳೆ ಸಿಮೆಂಟು.

ರಮೇಶ್ ಗೇಟಿನ ಕಡೆ ತಿರುಗಲು ಬಲಗಾಲು ಎತ್ತಿದರು. ಭಾರವೆಲ್ಲ ಎಡಗಾಲಿನ ಮೇಲೆ ಬಿತ್ತು. ತೊಂಬತ್ತು ಕಿಲೋ ಅವರದು, ಅರವತ್ತು ಕಾಯಿಯದು. ಎಡಗಾಲು ಮೀನಖಂಡದವರೆಗೆ ಸುರ್ರನೆ ಇಳಿಯಿತು. ತಡಬಡಿಸಿ ಬಲಗಾಲು ಊರಿದರು, ಅದು ಇನ್ನೂ ಆಳಕ್ಕೆ ಹೋಯಿತು. ಎಡದ್ದನ್ನು ಕಿತ್ತರೆ ಬಲದ್ದು, ಬಲದ್ದನ್ನು ಕಿತ್ತರೆ ಎಡದ್ದು. ಕೊನೆಗೆ ಕಾಯಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಕುಳಿತೇಬಿಟ್ಟರು.

ರಮೇಶ್ ಕೆಂಪು ಕೆಂಪಾಗಿ ಅತ್ತಿತ್ತ ನೋಡಿದರು. ಆಮೇಲೆ ಅವರೇ ಮೊದಲು ನಕ್ಕರು. "ಮುಡಿಯಲೆ ಮೇಡಂ, ನಂದಾಗಲ್ಲ! ಕಾಯಿ ಎತ್ತಿದೆ ನೋಡಿ, ಎಲ್ರೂ ಸಾಕ್ಷಿ. ಆದ್ರೆ ಈ ನೆಲ ನನ್ನನ್ನು ಬಿಡ್ತಾ ಇಲ್ಲ. ಇಂಥ ಮಣ್ಣನ್ನ ನಾನು ಎಲ್ಲೂ ನೋಡಿಲ್ಲಪ್ಪ. ಇದರ ಮೇಲೆ ಸಿಮೆಂಟ್ ಹಾಕಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ. ಮೂಲೆ ನಿಮ್ದೇ."

ಹಿತ್ತಿಲಿಡೀ ಗೌಜಿಯಾಯಿತು. ಕಾಯಿಯನ್ನು ಹೇಗೆ ಎತ್ತುವುದು, ಸೆಕ್ರೆಟರಿಯನ್ನು ಹೇಗೆ ಎತ್ತುವುದು, ಪ್ರಮೋದನ ಹೋಟೆಲಿನಲ್ಲಿ ಇಂದು ಹುಳಿಯೋ ಪಲ್ಯವೋ ಎಂದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಂಬುಜಾಳಿಗೆ ಅದೊಂದೂ ಕೇಳಿಸಲಿಲ್ಲ. ಅವಳು ಕೈಗುದ್ದಲಿ ಹಿಡಿದು ಹಲಗೆಯ ಮೇಲೆ ಓಡಿ ಬಂದಳು.

"ಕುಂಬಳಕಾಯಿ ಆಮೇಲೆ ನೋಡುವ! ಮೊದಲು ಕಾಲು ತೆಗೀರಿ ಸಾರ್, ಮಣ್ಣೆಲ್ಲ ಅಮುಕಿ ಹೋಗ್ತಾ ಉಂಟು," ಎಂದು ಅವರ ಮೊಣಕಾಲಿನ ಸುತ್ತ ಕೆದಕಿ ಸಡಿಲ ಮಾಡತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ತುಂಬ ನಗು.